ಚೊಗರಿನ ಬಣ್ಣದ ಹೊಳೆ

ಕೊಯ್ಲಿನ ದಿನಗಳಲ್ಲಿ ಚನ್ನಗಿರಿ ಕಡೆ ಹೋದರೆ ಊರೂರಲ್ಲೂ ಹಂಡೆಗಳಲ್ಲಿ ಅಡಿಕೆ ಬೇಯುತ್ತಿರುತ್ತದೆ. ಅಡಿಕೆ ತೆಗೆದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು-ಕಪ್ಪು ನೀರೇ ಚೊಗರು. ಅದನ್ನು ಸುಮ್ನೆ ಚೆಲ್ಲುವುದಿಲ್ಲ, ಅಡಿಕೆಗೆ ಬಣ್ಣ ಕೊಡಲು ಮತ್ತೆ ಬಳಸುತ್ತಾರೆ. ಹೆಚ್ಚು ಕಡಿಮೆ ಇದೇ ಬಣ್ಣದ ನೀರು ಹೊಳೆ ತುಂಬ ಹರಿಯುವ ಜಾಗವೊಂದಿದೆ. ಅಮೆರಿಕದ ಜಾರ್ಜಿಯಾ ಮತ್ತು ಫ್ಲೋರಿಡಾ ರಾಜ್ಯಗಳ ಗಡಿಯಲ್ಲಿ, ಸುಮಾರು 1,700 ಚದರ ಕಿಲೋಮೀಟರ್ ಹರಡಿರುವ ಒಕೆಫೆನೋಕಿ ಜೌಗು ಅದು. ಅಲ್ಲಿಂದ ಹೊರಡುವ ಸುವಾನಿ ನದಿ ಹುಟ್ಟುವಾಗಲೇ ಕಪ್ಪು.

ಜನ ಅಲ್ಲಿಗೆ ಹೋಗುವುದು ಹುಟ್ಟು ಹಾಕುತ್ತಾ ತಿರುಗಲು, ರಾತ್ರಿ ಅಲ್ಲೇ ತಂಗಲು. ಹರಿಹರದ ಹೊಳೆಯಲ್ಲಿ ಕಾಣುವ ದುಂಡನೆಯ ತೆಪ್ಪ ಅಲ್ಲಿ ಉಪಯೋಗಕ್ಕೆ ಬಾರದು. ದಾರಿ ಇಕ್ಕಟ್ಟು, ಹಾಗಾಗಿ ಉದ್ದನೆಯ, ಕಿರಿದಾದ ಕೆನೂ ಅಥವಾ ಕಯಾಕ್ ಬೇಕು. ಡೇರೆ ಹಾಕಲು ಒಣ ನೆಲ ಸಿಗುವುದೇ ಕಷ್ಟ. ಅದಕ್ಕೇ ನೀರಿನ ಮೇಲೆ ಮರದ ಅಟ್ಟಣೆಗಳನ್ನು ಕಟ್ಟಿದ್ದಾರೆ. ಮೊದಲೇ ಪರವಾನಗಿ ಪಡೆದವರು ಅದರ ಮೇಲೆ ಡೇರೆ ಹಾಕಿ ಮಲಗುತ್ತಾರೆ, ಸುತ್ತಲಿನ ನೀರಲ್ಲಿ ಆಲಿಗೇಟರ್ ಮೊಸಳೆಗಳು. 1891ರಲ್ಲಿ ಒಂದು ಕಂಪನಿ ಇಡೀ ಜೌಗನ್ನೇ ಒಣಗಿಸಿ ಮರ ಕಡಿಯಲು, ಬೇಸಾಯ ಮಾಡಲು ಹೊರಟಿತ್ತು. ಕಾಲುವೆ ತೋಡಿ ತೋಡಿ ದಿವಾಳಿಯಾಯಿತು. ಈಗ ಪೂರ್ವದ ಕಡೆಯಿಂದ ದೋಣಿಗಳು ಒಳಗೆ ಹೋಗುವುದು ಅದೇ ಕಾಲುವೆಯಲ್ಲಿ!

ಇನ್ನು ಆ ಬಣ್ಣ. ಅದು ಕೊಳೆಯಲ್ಲ, ಕೆಸರೂ ಅಲ್ಲ. ಸೈಪ್ರೆಸ್ ಮತ್ತಿತರ ಮರಗಳ ಎಲೆ, ತೊಗಟೆಗಳು ನಿಂತ ನೀರಿಗೆ ಬಿದ್ದು ನೆನೆಯುತ್ತವೆ. ಅವುಗಳಿಂದ ಟ್ಯಾನಿನ್ ಇಳಿಯುತ್ತದೆ. ಎಳೆ ಅಡಿಕೆ ಜಗಿದರೆ ನಾಲಿಗೆಗೆ ಒಗರಾಗುವುದು, ತಂಗಡಿ ಗಿಡದ ಚಕ್ಕೆಯಲ್ಲಿ ತೊಗಲು ಹದವಾಗುವುದು ಇದೇ ಜಾತಿಯ ವಸ್ತುವಿನಿಂದ. ಎಲೆ ಕೊಳೆಯುತ್ತಾ ಹೋದಂತೆ ಹ್ಯೂಮಿಕ್, ಫುಲ್ವಿಕ್ ಎಂಬ ಆಮ್ಲಗಳೂ ಸೇರುತ್ತವೆ. ನೀರು ಹುಳಿಯಾಗುತ್ತದೆ, ಹುಳಿಯ ಅಳತೆಯಾದ ಪಿಎಚ್ (ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು) 4ರ ಆಸುಪಾಸಿಗೆ ಇಳಿಯುತ್ತದೆ. ಹುಳಿ ಜಾಸ್ತಿ, ಆಮ್ಲಜನಕ ಕಮ್ಮಿ. ಇಂಥ ಕಡೆ ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸ ನಿಧಾನ. ಆದ್ದರಿಂದ ಎಲೆ ಪೂರ್ತಿ ಮಣ್ಣಾಗದೆ ಪದರ ಪದರವಾಗಿ ಪೀಟ್ ಆಗಿ ಕೂರುತ್ತದೆ. ಕೆಲವು ಕಡೆ ಅದರ ದಪ್ಪ 4 ಮೀಟರ್ ದಾಟುತ್ತದೆ. ಅಡಿಯಲ್ಲಿ ಮೀಥೇನ್ ಅನಿಲ ತುಂಬಿಕೊಂಡಾಗ ಪೀಟ್‌ನ ಹೆಂಟೆಗಳು ಮೇಲಕ್ಕೆ ತೇಲಿ ಬರುತ್ತವೆ. ಅವುಗಳ ಮೇಲೆ ಹುಲ್ಲು, ಗಿಡ, ಕೊನೆಗೆ ಮರವೂ ಬೆಳೆಯುತ್ತದೆ. ಅಂಥ ನೆಲದ ಮೇಲೆ ಕುಣಿದರೆ ಪಕ್ಕದ ಗಿಡಮರ ಅಲ್ಲಾಡುತ್ತದೆ.

ಈ ನೀರನ್ನು ಗಾಜಿನ ಲೋಟಕ್ಕೆ ತುಂಬಿದರೆ ಕಪ್ಪಲ್ಲ, ತಿಳಿಯಾದ ಕಂದು. ಕರಗಿದ ಆಮ್ಲಗಳು ನೀಲಿ ಬೆಳಕನ್ನು ಬೇಗ ನುಂಗುತ್ತವೆ, ಕೆಂಪನ್ನು ಸ್ವಲ್ಪ ದೂರ ಬಿಡುತ್ತವೆ. ಆಳ ಹೆಚ್ಚಾದರೆ ಕೆಂಪೂ ಉಳಿಯುವುದಿಲ್ಲ. ಮಳೆಗಾಲದ ತುಂಗಭದ್ರೆಯಲ್ಲಾದರೆ ಮಣ್ಣಿನ ಕಣಗಳು ಬೆಳಕನ್ನು ಚೆದುರಿಸಿ ವಾಪಸ್ ಕಳಿಸುತ್ತವೆ, ಅದಕ್ಕೇ ಹೊಳೆ ಕೆಂಪಾಗಿ ಕಾಣುತ್ತದೆ. ಕಪ್ಪು ನೀರಲ್ಲಿ ವಾಪಸ್ ಕಳಿಸಲು ಯಾರೂ ಇಲ್ಲ. ಕಣ್ಣಿಗೆ ಬರುವುದು ಮೇಲ್ಮೈಯಲ್ಲಿ ಪ್ರತಿಫಲಿಸಿದ ಬೆಳಕು ಮಾತ್ರ. ನೆತ್ತಿಯಿಂದ ನೇರವಾಗಿ ಬಿದ್ದ ಬೆಳಕಿನಲ್ಲಿ ಹಾಗೆ ಮರಳುವುದು ನೂರಕ್ಕೆ ಎರಡು ಪಾಲು. ಓರೆಯಾಗಿ ಬಿದ್ದರೆ ಬಹಳ ಜಾಸ್ತಿ. ದೋಣಿಯಲ್ಲಿ ಕೂತವರು ನೀರನ್ನು ಓರೆಯಾಗಿಯೇ ನೋಡುತ್ತಾರಲ್ವಾ? ಮರ, ಮೋಡ ಎಲ್ಲ ಅಚ್ಚೊತ್ತಿದಂತೆ ಕಾಣುವುದು ಅದಕ್ಕೆ. ಫೋಟೊಗೆ ಚೆನ್ನ. ಒಂದು ಗೇಣು ಕೆಳಗಿರುವ ಮರದ ಬೊಡ್ಡೆ ಕಾಣದೆ ದೋಣಿ ಡಿಕ್ಕಿ ಹೊಡೆದಾಗ ಅಷ್ಟು ಚೆನ್ನಲ್ಲ.

ಕಪ್ಪು ನೀರಿನ ಹೊಳೆಗಳಲ್ಲಿ ಸೊಳ್ಳೆ ಕಮ್ಮಿ ಎಂದು 1800ರಲ್ಲಿ ದಕ್ಷಿಣ ಅಮೆರಿಕದಲ್ಲಿ ತಿರುಗಾಡಿದ ಜರ್ಮನ್ ವಿಜ್ಞಾನಿ ಹಂಬೋಲ್ಟ್ ಬರೆದಿದ್ದ. ಅದನ್ನು ನಂಬಿಕೊಂಡು ಬೇಸಿಗೆಯಲ್ಲಿ ಒಕೆಫೆನೋಕಿಗೆ ಹೋಗಬೇಡಿ.

ಎಲೆ ಎಲ್ಲ ಊರಲ್ಲೂ ಉದುರುತ್ತದೆ. ಹಾಗಾದರೆ ನಮ್ಮ ಸೂಳೆಕೆರೆ ಯಾಕೆ ಕಪ್ಪಾಗಲಿಲ್ಲ? ಮಳೆ ಕಮ್ಮಿ, ಜೌಗು ಕಾಡಿಲ್ಲ ಅನ್ನುವುದು ಅರ್ಧ ಉತ್ತರ. ಉಳಿದರ್ಧ ಮಣ್ಣಿನಲ್ಲಿದೆ. ಒಕೆಫೆನೋಕಿಯ ಕೆಳಗಿರುವುದು ಹಳೆಯ ಸಮುದ್ರತಳದ ಮರಳು. ಮರಳಿಗೆ ಈ ಆಮ್ಲಗಳನ್ನು ಹಿಡಿದಿಡುವ ಶಕ್ತಿ ಇಲ್ಲ, ಬಣ್ಣ ಹಾಗೇ ಹರಿದುಹೋಗುತ್ತದೆ. ಜೇಡಿ ಕಣಗಳು ಹಾಗಲ್ಲ. ಅವುಗಳ ಮೇಲಿರುವ ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡುಗಳಿಗೆ ಆಮ್ಲಗಳು ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಹೊಸದುರ್ಗ, ಹೊಳಲ್ಕೆರೆ ಕಡೆಯ ಮಸಾರಿ ಮಣ್ಣು ಕೆಂಪಾಗಿರುವುದೇ ಕಬ್ಬಿಣದ ಆಕ್ಸೈಡಿನಿಂದ. ದಾವಣಗೆರೆ ಕಡೆಯ ಎರೆ ಮಣ್ಣಿನಲ್ಲಿ ಜೇಡಿಯೂ ಸುಣ್ಣವೂ ಧಾರಾಳ. ಮಣ್ಣು ಕಪ್ಪಾದರೂ ಅದರೊಳಗಿಂದ ಸೋಸಿ ಬರುವ ನೀರು ಕಪ್ಪಲ್ಲ. ಚಿತ್ರದುರ್ಗದ ಬೋರ್‌ವೆಲ್‌ಗಳ ಗಡಸು ನೀರು ಹುಳಿಯಾಗುವ ಮಾತಂತೂ ಇಲ್ಲವೇ ಇಲ್ಲ.

ಸುಣ್ಣ ಏನು ಮಾಡುತ್ತದೆ ಎಂದು ಸುವಾನಿಯಲ್ಲೇ ನೋಡಬಹುದು. ಫ್ಲೋರಿಡಾದೊಳಗೆ ಹರಿದಂತೆ ನದಿಗೆ ಸುಣ್ಣಕಲ್ಲಿನ ಬುಗ್ಗೆಗಳ ತಿಳಿನೀರು ಸೇರುತ್ತದೆ. ಹುಳಿ ಹೋಗುತ್ತದೆ, ಬಣ್ಣ ತೆಳುವಾಗುತ್ತದೆ. ನದಿಯ ಮೇಲ್ಭಾಗದಲ್ಲಿ ಬಸವನಹುಳುಗಳಿಗೆ ಚಿಪ್ಪು ಕಟ್ಟಿಕೊಳ್ಳಲು ಸುಣ್ಣ ಸಾಲದು, ಕೆಳಭಾಗದಲ್ಲಿ ಆ ಕೊರತೆ ಇಲ್ಲ. ಪ್ರಯೋಗಾಲಯಗಳಿಗೆ ಮಾತ್ರ ಬೇಕಾಗುವುದು ಮೇಲ್ಭಾಗದ ಕಪ್ಪು ನೀರೇ. ಹ್ಯೂಮಿಕ್ ಆಮ್ಲಗಳ ಮೇಲೆ ಕೆಲಸ ಮಾಡುವ ವಿಜ್ಞಾನಿಗಳು ಹೋಲಿಕೆಗೆ ಇಟ್ಟುಕೊಳ್ಳುವ ಮಾದರಿಯನ್ನು, ನದಿ ಜೌಗಿನಿಂದ ಹೊರಬೀಳುವ ಜಾಗದಲ್ಲೇ ಸಂಗ್ರಹಿಸಿದ್ದಾರೆ. ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿ ಅದು ಸೀಸೆಯಲ್ಲಿ ಕೂತಿದೆ.

ಅಷ್ಟು ಆಸಕ್ತಿಗೆ ಒಂದು ಕಾರಣ ಕುಡಿಯುವ ನೀರು. ಈ ಆಮ್ಲಗಳಿರುವ ನೀರಿಗೆ ಕ್ಲೋರಿನ್ ಹಾಕಿದರೆ ಟ್ರೈಹ್ಯಾಲೋಮೀಥೇನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ ಎಂದು 1974ರಲ್ಲಿ ತಿಳಿಯಿತು. ಅವು ಹೆಚ್ಚಾದರೆ ಆರೋಗ್ಯಕ್ಕೆ ಒಳ್ಳೆಯದಲ್ಲ. ಆದ್ದರಿಂದ ಸಾಧ್ಯವಾದಷ್ಟು ಆಮ್ಲವನ್ನು ಮೊದಲೇ ತೆಗೆಯಬೇಕು. ಅದಕ್ಕೆ ಬಳಸುವುದು ಪಟಿಕ, ಅಂದರೆ ಆಲಂ. ಅದರಲ್ಲಿರುವ ಅಲ್ಯುಮಿನಿಯಂ ಕೆಸರಿನ ಜೊತೆಗೆ ಎಲೆಯ ಬಣ್ಣವನ್ನೂ ಹಿಡಿದುಕೊಂಡು ತಳ ಸೇರುತ್ತದೆ. ಮಳೆಗಾಲದ ಮೊದಲ ಹೊಸನೀರು ಮಲೆನಾಡಿನ ತರಗೆಲೆಯ ರಸವನ್ನು ಹೊತ್ತು ತುಂಗಭದ್ರೆಗೆ ಬಂದಾಗ, ಮಣ್ಣಿನ ಕೈಗೆ ಸಿಗದೆ ತಪ್ಪಿಸಿಕೊಂಡ ಬಣ್ಣವನ್ನು ಹಿಡಿಯಬೇಕಾದದ್ದು ಶುದ್ಧೀಕರಣ ಘಟಕದ ಆಲಂ.