ವೈ ಒತ್ಲಾ, ಎನ್ ಒತ್ಲಾ? ಅಪ್‌ಗ್ರೇಡ್ ರಾತ್ರಿಯ ಪ್ರಶ್ನೆ

ಅಪ್‌ಗ್ರೇಡ್ ಅರ್ಧ ಓಡಿರತ್ತೆ, ರಾತ್ರಿ ಹನ್ನೊಂದು ದಾಟಿರತ್ತೆ, ಆಗ ಸ್ಕ್ರೀನ್ ಮೇಲೆ ಒಂದು ಪ್ರಶ್ನೆ ಬಂದು ನಿಲ್ಲತ್ತೆ. ಈ ಕಾನ್ಫಿಗ್ ಫೈಲನ್ನ (ಪ್ರೋಗ್ರಾಮಿನ ಸೆಟ್ಟಿಂಗ್ ಬರೆದಿರೋ ಫೈಲು) ನೀವು ತಿದ್ದಿದೀರಿ, ಸಾಫ್ಟ್‌ವೇರಿನ ಪ್ಯಾಕೇಜ್ ಮಾಡಿದವ್ರೂ ಹೊಸದು ಕಳಿಸಿದಾರೆ, ಯಾವ್ದು ಇಟ್ಕೊಳ್ಲಿ? ವೈ ಒತ್ತಿದ್ರೆ ಅವರದ್ದು, ಎನ್ ಒತ್ತಿದ್ರೆ ನಮ್ದು, ಡಿ ಒತ್ತಿದ್ರೆ ಎರಡರ ವ್ಯತ್ಯಾಸ ತೋರ್ಸತ್ತೆ, ಏನೂ ಯೋಚನೆ ಮಾಡ್ದೆ ಎಂಟರ್ ಒತ್ತಿದ್ರೆ ಎನ್ ಅಂತ ಲೆಕ್ಕ. ಶಿರಸಿ ಸುತ್ತಮುತ್ತ ಸೊಸೈಟಿ, ಶಾಲೆ, ಅಂಗಡಿಗಳ ಸರ್ವರ್ ನೋಡ್ಕೊಳ್ಳೋ ಕೆಲಸ ನಂದು, ನನ್ನ ಹತ್ರ ಕೆಲಸ ಕಲಿಯೋಕೆ ಬರೋ ಹುಡುಗ್ರೆಲ್ಲ ಇಲ್ಲಿ ಎನ್ ಒತ್ತಿ ನೆಮ್ಮದಿಯಾಗಿ ಕೂರ್ತಾರೆ, ನಮ್ಮ ಫೈಲ್ ಉಳೀತಲ್ಲ ಅಂತ. ಮೊದಮೊದಲು ನಾನೂ ಹಂಗೇ ಮಾಡ್ತಿದ್ದೆ.

ಉಬುಂಟು, ಡೆಬಿಯನ್ ಅನ್ನೋ ಎರಡೂ ಲಿನಕ್ಸಲ್ಲಿ ಪ್ಯಾಕೇಜ್ ಹಾಕೋ ಕೆಲಸ ಡಿಪಿಕೆಜಿ ಅನ್ನೋ ಪ್ರೋಗ್ರಾಮಿಂದು. ಅದು ತಾನು ಹಾಕಿದ ಪ್ರತಿ ಕಾನ್ಫಿಗ್ ಫೈಲಿನ ಎಂಡಿ5 ಗುರುತನ್ನ (ಫೈಲಿನ ಬೆರಳಚ್ಚಿನಂಥದ್ದು, ಫೈಲ್ ಬದಲಾದ್ರೆ ಅದೂ ಬದಲಾಗತ್ತೆ) ಬರೆದಿಟ್ಕೊಂಡಿರತ್ತೆ. ಫೈಲನ್ನ ನೀವು ಮುಟ್ಟೇ ಇಲ್ಲ ಅಂದ್ರೆ ಕೇಳ್ದೇ ಹೊಸದು ಹಾಕತ್ತೆ, ನೀವು ತಿದ್ದಿದೀರಿ ಆದ್ರೆ ಅವರ ಕಡೆ ಬದಲಾಗಿಲ್ಲ ಅಂದ್ರೆ ನಿಮ್ದನ್ನ ಹಂಗೇ ಬಿಡತ್ತೆ. ಎರಡೂ ಕಡೆ ಬದಲಾದಾಗ ಮಾತ್ರ ಪ್ರಶ್ನೆ. ಅಂದ್ರೆ ಪ್ರಶ್ನೆ ಬಂತು ಅಂದ್ರೇನೇ ಆ ಸಾಫ್ಟ್‌ವೇರಿನೊಳಗೆ ಏನೋ ಬದಲಾಗಿದೆ ಅಂತ ಸೂಚನೆ, ಅದನ್ನ ಓದ್ದೇ ಎಂಟರ್ ಒತ್ತೋದು ತಪ್ಪು.

ಉಬುಂಟು 18.04ಕ್ಕೆ ಮಾಮೂಲಿ ಸಪೋರ್ಟ್ 2023ರ ಮೇ ತಿಂಗಳಲ್ಲಿ ಮುಗೀತು. ಅದರ ಮುಂಚೆ ಘಟ್ಟದ ಮೇಲಿನ ಒಂದು ಸೊಸೈಟಿಯ ಸರ್ವರನ್ನ 20.04ಕ್ಕೆ ಏರಿಸೋಕೆ ಕೂತಿದ್ದೆ. ಅಡಿಕೆ ತೂಕ, ಟೆಂಡರ್, ಬಿಲ್ಲು, ರಾಶಿ ಚಾಲಿ ಬೆಟ್ಟೆ ಅಂತ ಅಡಿಕೆಯ ಬಗೆಗಳು, ಎಲ್ಲದರ ಲೆಕ್ಕ ಅದೇ ಮಷಿನ್ನಲ್ಲಿ. ಈ ಅಪ್‌ಗ್ರೇಡಲ್ಲಿ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್ 5.7 ಹೋಗಿ 8.0 ಬರತ್ತೆ, ವೆಬ್‌ಸೈಟ್ ಓಡಿಸೋ ಪಿಎಚ್‌ಪಿ 7.2 ಹೋಗಿ 7.4 ಬರತ್ತೆ. ಮೈಎಸ್‌ಕ್ಯೂಎಲ್ ಫೈಲಿಗೆ ಪ್ರಶ್ನೆ ಬಂತು, ಎನ್ ಒತ್ತಿದೆ. ಡೇಟಾಬೇಸ್ ಏಳ್ಲೇ ಇಲ್ಲ.

ಲಾಗ್ ತೆಗೆದು ನೋಡಿದ್ರೆ ಒಂದೇ ಸಾಲು, ಕ್ವೆರಿ ಕ್ಯಾಶ್ ಲಿಮಿಟ್ 1ಎಂ ಅನ್ನೋ ವೇರಿಯೇಬಲ್ ಗೊತ್ತಿಲ್ಲ ಅಂತ. ಕ್ವೆರಿ ಕ್ಯಾಶ್ ಅಂದ್ರೆ ಹಿಂದೆ ಕೊಟ್ಟ ಉತ್ತರಗಳನ್ನ ಡೇಟಾಬೇಸ್ ನೆನಪಿಟ್ಕೊಳ್ಳೋ ಜಾಗ. ನಾನು ಆ ಸಾಲು ಬರೆದವನೇ ಅಲ್ಲ! ಆ ಫೈಲಲ್ಲಿ ನಾನು ಸೇರಿಸಿದ್ದು ಎರಡು ವಿಷಯ: ತೂಕದ ಕೌಂಟರಿನ ಕಂಪ್ಯೂಟರ್‌ಗಳು ಒಳಗೆ ಬರೋ ಹಂಗೆ ಬೈಂಡ್ ಅಡ್ರೆಸ್ಸು (ಡೇಟಾಬೇಸ್ ಯಾವ ವಿಳಾಸದಲ್ಲಿ ಕಿವಿ ಕೊಡ್ಬೇಕು ಅನ್ನೋದು), ಮತ್ತೆ 128 ಎಂಬಿ ಇದ್ದ ಬಫರ್ ಪೂಲನ್ನ (ಡೇಟಾ ಇಟ್ಕೊಳ್ಳೋ ಮೆಮೊರಿ) 2 ಜಿಬಿ ಮಾಡಿದ್ದು. ಕ್ವೆರಿ ಕ್ಯಾಶ್ ಸಾಲು 5.7ರ ಪ್ಯಾಕೇಜ್ ಜೊತೆಗೇ ಬಂದದ್ದು, 8.0ಯಲ್ಲಿ ಕ್ವೆರಿ ಕ್ಯಾಶನ್ನೇ ತೆಗೆದು ಹಾಕಿದಾರೆ, ಹಂಗಾಗಿ ಹೊಸ ಸರ್ವರ್ ಆ ಸಾಲು ಕಂಡ ಕೂಡ್ಲೆ ನಿಂತು ಬಿಡತ್ತೆ. ನಾನು ನಮ್ದು ಅಂದ್ಕೊಂಡು ಉಳಿಸ್ಕೊಂಡ ಫೈಲಲ್ಲಿ ಎರಡು ಸಾಲು ಬಿಟ್ರೆ ಮಿಕ್ಕಿದ್ದೆಲ್ಲ ಅವರ ಹಳೇದು. ಹೋಗ್ಲಿ ವೈ ಒತ್ತಿದ್ರೆ? ಬೈಂಡ್ ಅಡ್ರೆಸ್ ತಿರುಗಿ 127.0.0.1, ಅಂದ್ರೆ ಆ ಮಷಿನ್ನಿಗೆ ಮಾತ್ರ ಅಂತ, ಆಗ್ತಿತ್ತು, ಸರ್ವರ್ ಏಳ್ತಿತ್ತು, ಆದ್ರೆ ಬೆಳಗ್ಗೆ ಕೌಂಟರಿನ ಒಂದು ಕಂಪ್ಯೂಟರಿಗೂ ಡೇಟಾಬೇಸ್ ಸಿಕ್ತಿರಲಿಲ್ಲ. ಎರಡೂ ಅಕ್ಷರ ತಪ್ಪೇ. ಡಿ ಒತ್ತಿ ನೋಡಿ, ನನ್ನ ಎರಡು ಸಾಲನ್ನ ಬೇರೆ ಕಡೆ ಬರ್ಕೊಂಡು, ಆಮೇಲೆ ವೈ ಒತ್ತಿ, ಆ ಎರಡು ಸಾಲನ್ನ ಬೇರೇನೇ ಒಂದು ಫೈಲಲ್ಲಿ ಹಾಕಬೇಕಿತ್ತು. ಆ ರಾತ್ರಿ ಮಾಡಿದ್ದೂ ಕಡೆಗೆ ಅದನ್ನೇ, ಎರಡು ಗಂಟೆ ಲೇಟಾಗಿ.

ಪಿಎಚ್‌ಪಿ ವಿಷಯ ಇದಕ್ಕಿಂತ ಸೂಕ್ಷ್ಮ, ಯಾಕಂದ್ರೆ ಅಲ್ಲಿ ಪ್ರಶ್ನೆಯೇ ಬರಲ್ಲ. ಪ್ರತಿ ವರ್ಷನ್ನಿಗೂ ಕಾನ್ಫಿಗ್ ಫೈಲುಗಳಿರೋ ಇಟಿಸಿ ಫೋಲ್ಡರಿನೊಳಗೆ ಬೇರೆ ಫೋಲ್ಡರ್, 7.2ರದ್ದು ಬೇರೆ 7.4ರದ್ದು ಬೇರೆ. ಹಳೇ ಫೋಲ್ಡರಲ್ಲಿ ನಾನು ತಿದ್ದಿದ ಫೈಲು ಸುರಕ್ಷಿತವಾಗೇ ಇತ್ತು, ಆದ್ರೆ ಅದನ್ನ ಓದೋರು ಯಾರೂ ಇರ್ಲಿಲ್ಲ. ವೆಬ್ ಸರ್ವರ್ ಆದ ಇಂಜಿನ್‌ಎಕ್ಸ್ ಫೈಲಲ್ಲಿ 7.2ರ ಸಾಕೆಟ್ (ಪಿಎಚ್‌ಪಿ ಜೊತೆ ಮಾತಾಡೋ ದಾರಿ) ಹೆಸರು ಬರೆದಿತ್ತಲ್ಲ, ಅದಕ್ಕೆ ಸೈಟ್ ತೆಗೆದ ಕೂಡ್ಲೆ 502 ಎರರ್ ಬಂತು, ಅದನ್ನ ರಾತ್ರಿಯೇ ಸರಿ ಮಾಡಿ ಮಲಗಿದೆ. ಬೆಳಗ್ಗೆ ಹತ್ತೂವರೆಗೆ ಸೆಕ್ರೆಟರಿ ಭಟ್ರ ಫೋನು: "ತಮಾ, ಪಹಣಿ ಹತ್ತತಾ ಇಲ್ಲೆ, ಎಂತ ಆತೋ?" ಸದಸ್ಯರು ಪಹಣಿನ ಮೊಬೈಲಲ್ಲಿ ಫೋಟೋ ಹೊಡೆದು ತರ್ತಾರೆ, ಒಂದೊಂದು ಮೂರ್ನಾಲ್ಕು ಎಂಬಿ. ಪಿಎಚ್‌ಪಿ ಅಪ್‌ಲೋಡಿಗೆ ಮೂಲದಲ್ಲಿ ಇರೋ ಮಿತಿ 2 ಎಂಬಿ, ಅದನ್ನ ನಾನು ವರ್ಷಗಳ ಹಿಂದೆ 20 ಮಾಡಿದ್ದೆ, ಮಾಡಿದ್ದೇ ಮರ್ತು ಹೋಗಿತ್ತು. ಎಲ್ಲೂ ಬರೆದಿಟ್ಟಿರಲಿಲ್ಲ.

ಇವತ್ತು ನಾನು ಪ್ಯಾಕೇಜಿನ ಮೂಲ ಫೈಲನ್ನ ಮುಟ್ಟೋದೇ ಇಲ್ಲ. ಈಗಿನ ಹೆಚ್ಚಿನ ಸಾಫ್ಟ್‌ವೇರಲ್ಲಿ ಡಾಟ್ ಡಿ ಅಂತ ಕೊನೆಯಾಗೋ ಒಂದು ಫೋಲ್ಡರ್ ಇರತ್ತೆ, ಅದರೊಳಗೆ ನಮ್ಮದೇ ಸಣ್ಣ ಫೈಲ್ ಇಟ್ರೆ ಮೂಲ ಫೈಲ್ ಜೊತೆ ಅದನ್ನೂ ಓದತ್ತೆ. ಮೂಲ ಫೈಲ್ ನಾವು ಮುಟ್ಟಿಲ್ಲ ಅಂದ್ಮೇಲೆ ಪ್ರಶ್ನೆಯೂ ಬರಲ್ಲ, ಮತ್ತೆ ನಾವು ಏನೇನು ಬದಲಾಯಿಸಿದೀವಿ ಅನ್ನೋದು ನಾಲ್ಕು ಸಾಲಲ್ಲಿ ಕಣ್ಣೆದುರು ಇರತ್ತೆ. ಪ್ರತಿ ಸಾಲಿನ ಮೇಲೆ ಯಾಕೆ ಅಂತ ಕನ್ನಡದಲ್ಲೇ ಕಾಮೆಂಟ್ ಬರೀತೀನಿ, "ಪಹಣಿ ಫೋಟೋಕ್ಕೆ ಬೇಕು" ಅಂತ. ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಮುಗಳನ್ನ ನೋಡ್ಕೊಳ್ಳೋ ಸಿಸ್ಟಮ್‌ಡಿಯ ಸರ್ವಿಸ್ ಆದ್ರೆ ಸಿಸ್ಟಮ್‌ಸಿಟಿಎಲ್ ಎಡಿಟ್ ಅಂದ್ರೆ ಸಾಕು, ಓವರ್‌ರೈಡ್ ಫೈಲ್ ತಾನೇ ಮಾಡಿ ಕೊಡತ್ತೆ.

ಆದ್ರೆ ಇಲ್ಲೊಂದು ಕಡೆ ಎಲ್ರೂ ಎಡವ್ತಾರೆ. ಪಿಎಚ್‌ಪಿ ಆ ಫೋಲ್ಡರಿನ ಫೈಲುಗಳನ್ನ ಹೆಸರಿನ ಕ್ರಮದಲ್ಲಿ ಓದತ್ತೆ, ಕೊನೆಗೆ ಓದಿದ್ದು ಗೆಲ್ಲತ್ತೆ, ಅದಕ್ಕೆ ಫೈಲಿನ ಹೆಸರು 99ರಿಂದ ಶುರು ಮಾಡ್ತೀವಿ. ದೂರದಿಂದ ಸರ್ವರಿಗೆ ಲಾಗಿನ್ ಆಗೋಕೆ ಬಳಸೋ ಎಸ್‌ಎಸ್‌ಎಚ್ ಪೂರ್ತಿ ಉಲ್ಟಾ, ಅಲ್ಲಿ ಮೊದಲು ಸಿಕ್ಕಿದ್ದೇ ಖಾಯಂ. ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ 99ರ ಫೈಲಲ್ಲಿ ಬರೆದು, 50ರ ಫೈಲಲ್ಲಿ ಇನ್ಯಾರೋ ಯೆಸ್ ಅಂತ ಬರೆದಿದ್ರೆ ಬಾಗಿಲು ತೆರೆದೇ ಇರತ್ತೆ, ನಮಗೆ ಮುಚ್ಚಿದೀವಿ ಅಂತ ಭ್ರಮೆ. ಕ್ಲೌಡ್ ಸರ್ವರುಗಳಲ್ಲಿ ಕ್ಲೌಡ್-ಇನಿಟ್ (ಹೊಸ ಸರ್ವರಿಗೆ ಮೊದಲ ಸೆಟ್ಟಿಂಗ್ ಹಾಕೋ ಪ್ರೋಗ್ರಾಮ್) 50ರಿಂದ ಶುರುವಾಗೋ ಇಂಥದೇ ಫೈಲ್ ಹಾಕಿರೋದುಂಟು. ಮೈಎಸ್‌ಕ್ಯೂಎಲ್ ಅಂತೂ ಒಂದು ಫೋಲ್ಡರಿನೊಳಗೆ ಯಾವ ಕ್ರಮದಲ್ಲಿ ಓದ್ತೀನಿ ಅಂತ ಗ್ಯಾರಂಟಿ ಕೊಡಲ್ಲ, ಅದರ ಮ್ಯಾನುಯಲ್ಲಲ್ಲೇ ಹಂಗೆ ಬರೆದಿದೆ. ಅದಕ್ಕೆ ಫೈಲ್ ಇಟ್ಟೆ ಅಂತ ಬಿಡೋ ಹಂಗಿಲ್ಲ, ಓಡ್ತಾ ಇರೋ ಪ್ರೋಗ್ರಾಮನ್ನೇ ಕೇಳ್ಬೇಕು. ಮೈಎಸ್‌ಕ್ಯೂಎಲಲ್ಲಿ ಶೋ ವೇರಿಯೇಬಲ್ಸ್, ಎಸ್‌ಎಸ್‌ಎಚ್‌ಗೆ ಎಸ್‌ಎಸ್‌ಎಚ್‌ಡಿ ಹೈಫನ್ ದೊಡ್ಡ ಟಿ.

ನಾನು ಇಟ್ಕೊಂಡಿರೋ ಎರಡನೇ ಅಭ್ಯಾಸ ಇಟಿಸಿಕೀಪರ್ ಅನ್ನೋ ಪ್ರೋಗ್ರಾಮು. ಇಟಿಸಿ ಫೋಲ್ಡರ್ ಪೂರ್ತಿಯನ್ನ ಬದಲಾವಣೆಗಳ ಇತಿಹಾಸ ಇಡೋ ಗಿಟ್ ಒಳಗೆ ಇಡತ್ತೆ, ಪ್ಯಾಕೇಜ್ ತರೋ ಆಪ್ಟ್ ಓಡೋ ಮುಂಚೆ ಒಂದು ಕಮಿಟ್ (ಆ ಹೊತ್ತಿನ ದಾಖಲೆ), ಮುಗಿದ್ಮೇಲೆ ಒಂದು. ಬೆಳಗ್ಗೆ ಫೋನ್ ಬಂದ್ರೆ ನಿನ್ನೆ ರಾತ್ರಿ ಯಾವ ಫೈಲಿನ ಯಾವ ಸಾಲು ಬದಲಾಯ್ತು ಅಂತ ಎರಡು ನಿಮಿಷದಲ್ಲಿ ಗೊತ್ತಾಗತ್ತೆ. ದಯವಿಟ್ಟು ಅದನ್ನ ಹೊರಗಿನ ಯಾವ್ದೋ ಪಬ್ಲಿಕ್ ಗಿಟ್ ಜಾಗಕ್ಕೆ ಕಳಿಸ್ಬೇಡಿ, ಪಾಸ್‌ವರ್ಡ್ ಗುರುತುಗಳಿರೋ ಶ್ಯಾಡೋ ಫೈಲು, ಪ್ರೈವೇಟ್ ಕೀ ಎಲ್ಲಾ ಅದರೊಳಗೇ ಇರತ್ತೆ.

ಎನ್ ಒತ್ತಿದಾಗ ಅವರ ಹೊಸ ಫೈಲೇನು ಕಳೆದು ಹೋಗಲ್ಲ, ಪಕ್ಕದಲ್ಲೇ ಡಾಟ್ ಡಿಪಿಕೆಜಿ-ಡಿಸ್ಟ್ ಅಂತ ಕೂತಿರತ್ತೆ, ವೈ ಒತ್ತಿದ್ರೆ ನಮ್ಮ ಹಳೇದು ಡಾಟ್ ಡಿಪಿಕೆಜಿ-ಓಲ್ಡ್ ಆಗಿ ಉಳಿಯತ್ತೆ. ರೆಡ್ ಹ್ಯಾಟ್ ಕಡೆಯ ಲಿನಕ್ಸುಗಳು ಪ್ರಶ್ನೆ ಕೇಳೋದಿಲ್ಲ, ಸುಮ್ನೆ ಆರ್‌ಪಿಎಂನ್ಯೂ ಇಲ್ಲಾ ಆರ್‌ಪಿಎಂಸೇವ್ ಅಂತ ಬಿಟ್ಟು ಹೋಗ್ತವೆ. ಅಪ್‌ಗ್ರೇಡ್ ಆದ್ಮೇಲೆ ಇವನ್ನ ಹುಡುಕಿ ಒಂದೊಂದನ್ನೂ ಹೋಲಿಸಿ ನೋಡಿ, ಬೇಕಾದ್ದು ಸೇರಿಸಿ, ಉಳಿದದ್ದು ಅಳಿಸಿ. ಮೂರು ಅಪ್‌ಗ್ರೇಡಿನ ಕಸ ಒಟ್ಟಾದ್ರೆ ಯಾವ್ದು ಯಾವ ಕಾಲದ್ದು ಅಂತ ಹೇಳೋಕೆ ಸಾಧ್ಯನೇ ಇಲ್ಲ.

ಮಳೆಗಾಲದಲ್ಲಿ ಅಪ್‌ಗ್ರೇಡ್ ಮಾಡೋರು ಯುಪಿಎಸ್ ನೋಡ್ಕೊಂಡೇ ಕೂರಿ. ನಡುವೆ ಕರೆಂಟ್ ಹೋದ್ರೆ ಮಷಿನ್ ಎದ್ಮೇಲೆ ಡಿಪಿಕೆಜಿ ಹೈಫನ್ ಹೈಫನ್ ಕಾನ್ಫಿಗರ್ ಹೈಫನ್ ಎ ಅಂತ ಓಡಿಸಿ, ಆಗ ಉಳಿದ ಪ್ರಶ್ನೆಗಳು ಬರ್ತವೆ, ಗಾಬರಿಯಲ್ಲಿ ಅವಕ್ಕೆಲ್ಲ ಎಂಟರ್ ಒತ್ಬೇಡಿ. ನನ್ನ ಒಂದು ಸರ್ವರ್ ಕಾರವಾರದಲ್ಲಿದೆ, ಎಸ್‌ಎಸ್‌ಎಚ್ ಕೈಕೊಟ್ರೆ ಜುಲೈ ಮಳೆಯಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ ಅಂಕೋಲಾ ದಾಟಿ ಹೋಗ್ಬೇಕು. ಅದಕ್ಕೆ ಎಸ್‌ಎಸ್‌ಎಚ್ ಫೈಲ್ ಬದಲಾದ್ರೆ ಮೊದಲು ಎಸ್‌ಎಸ್‌ಎಚ್‌ಡಿ ಹೈಫನ್ ಸಣ್ಣ ಟಿ ಓಡಿಸಿ ತಪ್ಪಿಲ್ಲ ಅಂತ ನೋಡ್ಕೊಂಡು, ರೀಸ್ಟಾರ್ಟ್ ಮಾಡಿ, ಈ ಕಿಟಕಿ ಮುಚ್ಚದೇ ಇನ್ನೊಂದು ಟರ್ಮಿನಲ್ಲಿಂದ ಹೊಸದಾಗಿ ಲಾಗಿನ್ ಆಗಿ ನೋಡ್ತೀನಿ. ಅದು ಒಳಗೆ ಬಿಟ್ಮೇಲೆ ಮಾತ್ರ ಹಳೇ ಕಿಟಕಿ ಮುಚ್ಚೋದು.