‘ಖರೀದಿಗೆ ಒಪ್ಪಿಗೆ’ ಅಂದರೆ ಕೊಂಡಾಯಿತು ಅಂತಲ್ಲ: ರಕ್ಷಣಾ ಖರೀದಿ ಬಗ್ಗೆ ನನ್ನ ಟಿಪ್ಪಣಿ

ಮೊನ್ನೆ ಅಣಕು ಪರೀಕ್ಷೆಯಲ್ಲಿ ‘ಭಾರತದ ಸೇನಾ ಬಲ ಮತ್ತು ಖರೀದಿಯ ಸವಾಲು’ ಅಂತ ಪ್ರಶ್ನೆ ಬಂದಿತ್ತು. ‘ಇಷ್ಟು ಸಾವಿರ ಕೋಟಿಯ ಶಸ್ತ್ರಾಸ್ತ್ರ ಖರೀದಿಗೆ ಒಪ್ಪಿಗೆ’ ಎಂದು ಪೇಪರಿನಲ್ಲಿ ಓದಿದ್ದನ್ನೆಲ್ಲ ಕೂಡಿಸಿ, ಅವೆಲ್ಲ ಸೇನೆಯ ಕೈಗೆ ಬಂದಿವೆ ಅಂತ ಬರೆದು ಬಂದೆ. ಸೊನ್ನೆ ಬೀಳದಿದ್ದರೆ ಪುಣ್ಯ. ಮರೆಯುವ ಮೊದಲು ಇದನ್ನು ಬರೆದಿಡುತ್ತಿದ್ದೇನೆ. ಕಾರವಾರದಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ನನ್ನಂಥವರಿಗೆ ಉಪಯೋಗವಾದೀತು.

ಬಲದ ಲೆಕ್ಕ

ಇದು ಗೈಡುಗಳಲ್ಲೆಲ್ಲ ಇದೆ, ಬೇಗ ಮುಗಿಸುತ್ತೇನೆ. ಸೇವೆಯಲ್ಲಿರುವ ಸೈನಿಕರು 14 ಲಕ್ಷದ ಆಸುಪಾಸು. ಎರಡು ವಿಮಾನವಾಹಕ ನೌಕೆಗಳಿವೆ: ವಿಕ್ರಮಾದಿತ್ಯ ಮತ್ತು ಕೊಚ್ಚಿಯಲ್ಲಿ ಕಟ್ಟಿದ ವಿಕ್ರಾಂತ್. ವಾಯುಪಡೆಗೆ ಮಂಜೂರಾದ ಯುದ್ಧವಿಮಾನದ ಸ್ಕ್ವಾಡ್ರನ್‌ಗಳು, ಅಂದರೆ ವಿಮಾನಗಳ ತುಕಡಿಗಳು, 42. ಸೆಪ್ಟೆಂಬರ್ 2025ರಲ್ಲಿ ಮಿಗ್-21 ನಿವೃತ್ತಿಯಾದ ಮೇಲೆ ಉಳಿದದ್ದು 29. ಪ್ರಶ್ನೆಯ ಜೀವ ಇರುವುದು ಈ 42 ಮತ್ತು 29ರ ನಡುವೆ. ದುಡ್ಡಿರುವ ದೇಶಕ್ಕೆ 13 ಸ್ಕ್ವಾಡ್ರನ್ ಯಾಕೆ ಕಡಿಮೆ ಬಿತ್ತು?

ನಾನು ಎಡವಿದ ಜಾಗ

ನಮ್ಮ ಮನೆ ಶಿರಸಿ ಕಡೆಯ ಹಳ್ಳಿಯಲ್ಲಿದೆ. ಕೊಯ್ಲಿನ ಹೊತ್ತಿಗೆ ಅಡಿಕೆ ಸುಲಿಯುವವರು ಸಿಗುವುದಿಲ್ಲ. ಹಾಗಾಗಿ ಸುಲಿಯುವ ಮಷಿನ್ ಬೇಕು ಅಂತ ಎರಡು ವರ್ಷದ ಹಿಂದೆ ಅಪ್ಪ, ಚಿಕ್ಕಪ್ಪ, ಆಯಿ ಎಲ್ಲ ಕೂತು ತೀರ್ಮಾನ ಮಾಡಿದರು. ಮಷಿನ್ ಅಂಗಳಕ್ಕೆ ಬಂದು ಇಳಿದ ಹಾಗೆಯೇ ಆಯಿ ಅವತ್ತೇ ಪಕ್ಕದ ಮನೆಯಲ್ಲಿ ಹೇಳಿ ಬಂದಳು. ಆದದ್ದು ಇಷ್ಟೇ: ‘ಬೇಕು’ ಅಂತ ಎಲ್ಲರೂ ಒಪ್ಪಿದ್ದು. ಅಂಗಡಿಗೆ ಯಾರೂ ಹೋಗಿರಲಿಲ್ಲ. ಹಣ ಎಣಿಸಿರಲಿಲ್ಲ.

ಪೇಪರಿನ ‘ಒಪ್ಪಿಗೆ’ಯೂ ಇದೇ. ರಕ್ಷಣಾ ಸಚಿವರ ಅಧ್ಯಕ್ಷತೆಯ ರಕ್ಷಣಾ ಖರೀದಿ ಮಂಡಳಿ, ಅಂದರೆ ಡಿಎಸಿ, ಕೊಡುವುದು ‘ಅಗತ್ಯದ ಒಪ್ಪಿಗೆ’. ಗೈಡಿನಲ್ಲಿ ಇದಕ್ಕೆ ಎಒಎನ್ ಅಂತ ಇರುತ್ತದೆ. ‘ಈ ವಸ್ತು ಬೇಕು, ಇಂಥ ದಾರಿಯಲ್ಲಿ ಕೊಳ್ಳೋಣ’ ಅನ್ನುವುದಷ್ಟೇ ಅದರ ಅರ್ಥ. ಡಿಎಪಿ 2020 ಅನ್ನುವ ರಕ್ಷಣಾ ಖರೀದಿ ನಿಯಮಾವಳಿಯ ಪ್ರಕಾರ ಅದಾದ ಮೇಲೆ ಟೆಂಡರ್ ಕರೆಯಬೇಕು. ಬಂದವರ ತಾಂತ್ರಿಕ ಅರ್ಜಿ ನೋಡಬೇಕು. ಮರಳುಗಾಡು, ಹಿಮ, ಸಮುದ್ರ ಅಂತ ಬೇಕಾದ ಕಡೆ ಪರೀಕ್ಷೆ ನಡೆಸಬೇಕು. ಪಾಸಾದವರ ಬೆಲೆಯ ಲಕೋಟೆ ಮಾತ್ರ ಒಡೆಯಬೇಕು. ಆಮೇಲೆ ಚೌಕಾಸಿ. ದೊಡ್ಡ ಮೊತ್ತವಾದರೆ ಭದ್ರತೆಯ ಸಂಪುಟ ಸಮಿತಿಯ ಮುಂದೆ ಹೋಗಬೇಕು. ಸಹಿ ಬೀಳುವುದು ಇದೆಲ್ಲ ಮುಗಿದ ಮೇಲೆ. ವಸ್ತು ಬರುವುದು ಸಹಿಯಾಗಿ ಎಷ್ಟೋ ವರ್ಷಕ್ಕೆ.

ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ನಾನು ಮೂರು ಸಲ ಓದಿದರೂ ಇಲ್ಲೇ ಜಾರಿದ್ದೆ. ಡಿಎಸಿ ಒಪ್ಪಿದರೆ ‘ಬೇಕು’. ಒಪ್ಪಂದಕ್ಕೆ ಸಹಿ ಬಿದ್ದರೆ ‘ಕೊಂಡೆವು’. ಪಡೆಗೆ ಸೇರಿದರೆ ‘ಬಂತು’. ಮೂರೂ ಬೇರೆ ಬೇರೆ.

ಬೇಡಿಕೆ ಪಟ್ಟಿಯೇ ಮುಳುವಾಗುವುದು

ನಮ್ಮ ಮಷಿನ್ ಯಾಕೆ ಬರಲಿಲ್ಲ ಗೊತ್ತಾ? ಅಪ್ಪನಿಗೆ ಹಸಿ ಅಡಿಕೆ ಸುಲಿಯಬೇಕು, ಕೆಂಪಡಿಕೆ ಮಾಡಲಿಕ್ಕೆ. ಚಿಕ್ಕಪ್ಪನಿಗೆ ಒಣ ಅಡಿಕೆ ಸುಲಿಯಬೇಕು, ಚಾಲಿಗೆ. ಒಂದೇ ಮಷಿನ್ ಎರಡನ್ನೂ ಮಾಡಬೇಕು, ಇಬ್ಬರೇ ಎತ್ತುವಷ್ಟು ಹಗುರ ಇರಬೇಕು, ಒಂದು ಕಾಯಿಗೂ ಗಾಯ ಆಗಬಾರದು. ಇಷ್ಟೆಲ್ಲ ಇರುವ ಮಷಿನ್ ನಮಗಂತೂ ಸಿಗಲಿಲ್ಲ.

ಸೇನೆಯ ರೈಫಲ್ ಕಥೆ ಓದಿದಾಗ ನಮ್ಮ ಜಗಲಿಯೇ ನೆನಪಾಯಿತು. 2011ರಲ್ಲಿ ಸುಮಾರು 66 ಸಾವಿರ ರೈಫಲ್‌ಗಳಿಗೆ ಟೆಂಡರ್ ಕರೆದರು. ನಳಿಕೆ ಬದಲಿಸಿದರೆ ಒಂದೇ ಬಂದೂಕು ಎರಡು ಅಳತೆಯ ಗುಂಡು ಹಾರಿಸಬೇಕಿತ್ತು. 2015ರಲ್ಲಿ ಟೆಂಡರ್ ರದ್ದಾಯಿತು. ಆಮೇಲೆ 2019ರಲ್ಲಿ ಅಮೆರಿಕದ ಸಿಗ್ ಸೌರ್ ಕಂಪನಿಯಿಂದ 72,400 ರೈಫಲ್ ತುರ್ತಾಗಿ ಕೊಂಡರು. 2021ರ ಡಿಸೆಂಬರ್‌ನಲ್ಲಿ ಎಕೆ-203 ಒಪ್ಪಂದಕ್ಕೆ ಸಹಿಯಾಯಿತು, ಆರು ಲಕ್ಷಕ್ಕೂ ಜಾಸ್ತಿ ರೈಫಲ್‌ಗಳಿಗೆ. ಅವು ಅಮೇಠಿಯ ಕೊರ್ವಾದಲ್ಲಿ ತಯಾರಾಗುತ್ತಿವೆ. ಉತ್ತರದಲ್ಲಿ ಈ ಉದಾಹರಣೆ ಹಾಕಿ. ‘ಅತಿಯಾದ ಗುಣಮಟ್ಟದ ನಿರೀಕ್ಷೆ’ ಅಂತ ಸುಮ್ನೆ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಎಲ್-1

ಶಿರಸಿಯ ಅಡಿಕೆ ಟೆಂಡರ್‌ನಲ್ಲಿ ಹೆಚ್ಚು ದರ ಬರೆದವನಿಗೆ ಮಾಲು. ಇಲ್ಲಿ ಪರೀಕ್ಷೆ ಪಾಸಾದವರಲ್ಲಿ ಕಡಿಮೆ ದರ ಹೇಳಿದವನು ಎಲ್-1, ಅವನ ಜೊತೆ ಮಾತ್ರ ಮಾತುಕತೆ. ಎಲ್-1 ಆದರೂ ಒಪ್ಪಂದ ಗ್ಯಾರಂಟಿ ಇಲ್ಲ. ವಾಯುಪಡೆಯ 126 ಯುದ್ಧವಿಮಾನಗಳಿಗೆ 2007ರಲ್ಲಿ ಟೆಂಡರ್ ಹೋಯಿತು. ಆರು ವಿಮಾನಗಳು ಸ್ಪರ್ಧೆಯಲ್ಲಿದ್ದವು, ಪರೀಕ್ಷೆ ದಾಟಿದ್ದು ಎರಡು. 2012ರ ಜನವರಿಯಲ್ಲಿ ಫ್ರಾನ್ಸಿನ ರಫೇಲ್ ಎಲ್-1 ಆಯಿತು. 18 ವಿಮಾನ ಸಿದ್ಧವಾಗಿ ಬರಬೇಕು, 108ನ್ನು ಬೆಂಗಳೂರಿನ ಎಚ್‌ಎಎಲ್ ಕಟ್ಟಬೇಕು ಅಂತಿತ್ತು. ಎಚ್‌ಎಎಲ್ ಕಟ್ಟಿದ ವಿಮಾನಕ್ಕೆ ಜವಾಬ್ದಾರಿ ಯಾರದು ಅನ್ನುವಲ್ಲಿ ಮಾತು ಸಿಕ್ಕಿಬಿತ್ತು. 2015ರಲ್ಲಿ ಇಡೀ ಟೆಂಡರ್ ಬಿಟ್ಟು, ಸರ್ಕಾರದಿಂದ ಸರ್ಕಾರಕ್ಕೆ ಅಂತ 36 ವಿಮಾನಕ್ಕೆ ಇಳಿದರು. 42 ಯಾಕೆ 29 ಆಯಿತು ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲಿದೆ. ಇನ್ನರ್ಧ ಎಚ್‌ಎಎಲ್ ಕಟ್ಟುವ ತೇಜಸ್ ಯುದ್ಧವಿಮಾನ: 2021ರ ಫೆಬ್ರವರಿಯಲ್ಲಿ 83 ವಿಮಾನಕ್ಕೆ ಸಹಿಯಾಯಿತು, ಅಮೆರಿಕದ ಎಂಜಿನ್ ತಡವಾಯಿತು. ವಿಮಾನ ನಮ್ಮದಾದರೂ ಎಂಜಿನ್ ಬೇರೆಯವರದು, ಅಲ್ವಾ?

ದುಡ್ಡು

2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಗೇ ಸುಮಾರು 1.60 ಲಕ್ಷ ಕೋಟಿ. ಬಂಡವಾಳ ವೆಚ್ಚ, ಅಂದರೆ ವಿಮಾನ, ಹಡಗು, ಶಸ್ತ್ರಾಸ್ತ್ರದಂಥವಕ್ಕೆ ಇಟ್ಟ ದುಡ್ಡು, 1.80 ಲಕ್ಷ ಕೋಟಿ. ಎಚ್ಚರ, ಇದೆಲ್ಲ ಹೊಸ ಖರೀದಿಗೆ ಅಲ್ಲ. ಹಿಂದೆ ಸಹಿ ಹಾಕಿದ ಒಪ್ಪಂದಗಳ ಕಂತುಗಳೂ ಇದರಲ್ಲೇ ಹೋಗಬೇಕು. ಸೊಸೈಟಿ ಸಾಲದ ಕಂತು ಕಟ್ಟಿದ ಮೇಲೆ ಕೈಯಲ್ಲಿ ಉಳಿದದ್ದೇ ಈ ವರ್ಷದ ಖರ್ಚಿಗೆ, ಹಾಗೆ.

ಆಮದಿನ ಬಗ್ಗೆ ಒಂದೇ ಸಾಲು: ಜಗತ್ತಿನ ಶಸ್ತ್ರ ವ್ಯಾಪಾರದ ಲೆಕ್ಕ ಇಡುವ ಸಿಪ್ರಿ ಸಂಸ್ಥೆಯ ಪ್ರಕಾರ 2020–24ರ ಅವಧಿಗೆ ಭಾರತ ಎರಡನೇ ದೊಡ್ಡ ಶಸ್ತ್ರಾಸ್ತ್ರ ಆಮದುದಾರ, ಅದರಲ್ಲಿ ರಷ್ಯಾದ ಪಾಲು 36%. 2010–14ರಲ್ಲಿ ಅದೇ ಪಾಲು 72% ಇತ್ತು.

ನನ್ನ ಮೂರು ಕಾಲಂ

ಈಗ ಯಾವ ಶಸ್ತ್ರದ ಸುದ್ದಿ ಬಂದರೂ ನೋಟ್‌ಬುಕ್‌ನಲ್ಲಿ ಬೇಕು, ಸಹಿ, ಬಂತು ಅಂತ ಮೂರು ಕಾಲಂ ಹಾಕುತ್ತೇನೆ. ಬೇರೇನೂ ಓದದಿದ್ದರೂ ಇದನ್ನು ಮಾಡಿ. ಸ್ಕಾರ್ಪೀನ್ ಜಲಾಂತರ್ಗಾಮಿ: ಸಹಿ 2005, ಮೊದಲನೆಯದು ಬಂದದ್ದು 2017, ಆರನೆಯದು 2025ರ ಜನವರಿ.

ವಿಕ್ರಮಾದಿತ್ಯದ ಸಾಲು ನನಗೆ ಮರೆಯುವುದೇ ಇಲ್ಲ, ಅದರ ನೆಲೆ ಇಲ್ಲೇ ಕಾರವಾರದ ಕದಂಬ ನೌಕಾನೆಲೆಯಲ್ಲಿ. ಊರಿಗೆ ಹೋಗುವಾಗ ಬಸ್ಸು ಅರ್ಗಾ ದಾಟುವ ಹೊತ್ತಿಗೆ ತಾರೀಖುಗಳನ್ನು ಬಾಯಿಪಾಠ ಹೇಳಿಕೊಳ್ಳುತ್ತೇನೆ. ರಷ್ಯಾದ ಹಳೇ ಹಡಗು, ಸಹಿ 2004ರ ಜನವರಿ, ಮಾತು ಕೊಟ್ಟದ್ದು 2008ಕ್ಕೆ, ಪಡೆಗೆ ಸೇರಿದ್ದು 2013ರ ನವೆಂಬರ್ 16ಕ್ಕೆ. ಒಳಗಿನ ಕೇಬಲ್ ಕೆಲಸ ಅಂದುಕೊಂಡದ್ದಕ್ಕಿಂತ ಎಷ್ಟೋ ಜಾಸ್ತಿ ಬಂತು. 97 ಕೋಟಿ ಡಾಲರ್ ಇದ್ದದ್ದು ಸುಮಾರು 230 ಕೋಟಿ ಡಾಲರ್‌ಗೆ ಏರಿತು. ನೆಲೆಯ ಕಥೆಯೂ ಹಾಗೇ: ಸೀಬರ್ಡ್ ಅನ್ನುವ ಈ ನೌಕಾನೆಲೆ ಯೋಜನೆಗೆ ಅಡಿಗಲ್ಲು 1986, ಕದಂಬ ಶುರುವಾದದ್ದು 2005. ಜಾಗ ಬಿಟ್ಟುಕೊಟ್ಟವರು ಪರಿಹಾರಕ್ಕೆ ಕೋರ್ಟಿಗೆ ಅಲೆದ ವರ್ಷಗಳಿಗೆ ನನ್ನ ನೋಟ್‌ಬುಕ್‌ನಲ್ಲಿ ಕಾಲಂ ಇಲ್ಲ.

ಕೊನೆಯ ಸಾಲು ನೌಕಾಪಡೆಯ 26 ರಫೇಲ್-ಎಂ ಯುದ್ಧವಿಮಾನಗಳದ್ದು. ಸಹಿ 28 ಏಪ್ರಿಲ್ 2025. ‘ಬಂತು’ ಕಾಲಂನಲ್ಲಿ 2030 ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ.