ಸಣ್ಣ ಪಾನೀಯದ ಅಂಗಡಿ: ಪ್ರಚಾರಕ್ಕೆ ಮೊದಲು ಎಣಿಕೆ (ಅಧ್ಯಯನ ಟಿಪ್ಪಣಿ)

ಒಂದು ಮೇಜು, ಒಂದು ಐಸ್ ಪೆಟ್ಟಿಗೆ, ಕೆಲಸಕ್ಕೆ ಒಬ್ಬರೋ ಇಬ್ಬರೋ ಇರುವ ತಂಪು ಪಾನೀಯದ ಅಂಗಡಿಯನ್ನು ಬೆಳೆಸುವುದು ಹೇಗೆ ಎಂಬುದು ಈ ಟಿಪ್ಪಣಿಯ ವಿಷಯ. ಪಠ್ಯಪುಸ್ತಕದಲ್ಲಿ ಈ ಅಧ್ಯಾಯ ಸಾಮಾನ್ಯವಾಗಿ ನಾಲ್ಕು 'ಪಿ'ಗಳಿಂದ ಶುರುವಾಗುತ್ತದೆ: ಸರಕು (ಪ್ರಾಡಕ್ಟ್), ಬೆಲೆ (ಪ್ರೈಸ್), ಜಾಗ (ಪ್ಲೇಸ್), ಪ್ರಚಾರ (ಪ್ರಮೋಷನ್). 1960ರಲ್ಲಿ ಮಾರುಕಟ್ಟೆ ಶಾಸ್ತ್ರದ ಪ್ರಾಧ್ಯಾಪಕ ಜೆರೋಮ್ ಮೆಕಾರ್ಥಿ ಮಾಡಿದ ಈ ವಿಂಗಡಣೆ ಉತ್ತರ ಪತ್ರಿಕೆಗೆ ಸಾಕು. ಅಂಗಡಿಯ ಮುಂದೆ ನಿಂತಾಗ ಬೇಕಾಗುವ ಪ್ರಶ್ನೆ ಬೇರೆ: ಗಿರಾಕಿ ಯಾವ ಹಂತದಲ್ಲಿ ಕೈತಪ್ಪುತ್ತಿದ್ದಾರೆ? ಅದು ತಿಳಿಯದೆ ಪ್ರಚಾರಕ್ಕೆ ದುಡ್ಡು ಹಾಕಿದರೆ, ಸೋರುವ ಕಡೆ ಇನ್ನಷ್ಟು ಸುರಿದಂತೆಯೇ.

ಕೆಳಗಿನ ಹಣದ ಅಂಕಿಗಳೆಲ್ಲ ಲೆಕ್ಕ ಕಲಿಯಲು ಇಟ್ಟುಕೊಂಡವು. ನಿಮ್ಮ ನಾಣ್ಯ ಯಾವುದಾದರೂ ಇರಲಿ, ಅನುಪಾತ ನೋಡಿ.

ಒಂದು ಲೋಟದ ಲೆಕ್ಕ

ಲೋಟದ ಬೆಲೆ 20 ಎಂದುಕೊಳ್ಳಿ. ಹಣ್ಣು, ಸಕ್ಕರೆ 4.5, ಐಸ್ 1.5, ಲೋಟ, ಸ್ಟ್ರಾ 1.5; ಚೆಲ್ಲಿದ್ದು, ಕೆಟ್ಟದ್ದು 0.5. ಒಟ್ಟು 8. ಅಂದರೆ ಪ್ರತಿ ಲೋಟಕ್ಕೆ 12 ಉಳಿಯುತ್ತದೆ. ಇದು ಲಾಭವಲ್ಲ, ಖಾಯಂ ಖರ್ಚು ತೀರಿಸಲು ಸಿಗುವ ಉಳಿಕೆ. ಜಾಗದ ಬಾಡಿಗೆ, ಪರವಾನಗಿ ಸೇರಿ ದಿನಕ್ಕೆ 250, ಕೂಲಿ 600, ಸಾಗಣೆ ಮತ್ತು ಕರೆಂಟು 110 ಆದರೆ ಮೊತ್ತ 960. ಅದನ್ನು 12ರಿಂದ ಭಾಗಿಸಿದರೆ 80. ದಿನಕ್ಕೆ 80 ಲೋಟ ಹೋದರೆ ಅಸಲು ಹುಟ್ಟಿತು. 81ನೆಯ ಲೋಟದಿಂದ ಲಾಭ.

ಆ 600 ಕೂಲಿಯ ಸಾಲನ್ನು ಗಮನಿಸಿ. ಅಂಗಡಿಯಲ್ಲಿ ನಾವೇ ನಿಂತರೂ ಅದನ್ನು ಬರೆಯಲೇಬೇಕು. ಬರೆಯದಿದ್ದರೆ ಖಾಯಂ ಖರ್ಚು 360 ಎಂದು ಕಾಣುತ್ತದೆ, 30 ಲೋಟಕ್ಕೇ ಲಾಭ ಬಂದಂತೆ ತೋರುತ್ತದೆ. ಸಣ್ಣ ಅಂಗಡಿಗಳ ಲೆಕ್ಕ ದಾರಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಹಾದುಹೋಗುವವರನ್ನು ಎಣಿಸುವುದು

ಒಂದು ವಾರ, ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹದಿನೈದು ನಿಮಿಷ ಎಣಿಸಿದರೆ ಸಾಕು. ನಾಲ್ಕು ಕಂಬಸಾಲು: ಹಾದುಹೋದವರು, ತಿರುಗಿ ನೋಡಿದವರು, ನಿಂತವರು, ಕೊಂಡವರು. ಮೊಬೈಲಿನಲ್ಲಿ ಎಣಿಕೆಯ ಆ್ಯಪ್ ಇದ್ದರೂ ಕಾಗದದ ಮೇಲೆ ಗೀಟು ಹಾಕುವುದೇ ಸುಲಭ, ಏಕೆಂದರೆ ನಾಲ್ಕನ್ನೂ ಒಟ್ಟಿಗೆ ನೋಡಬಹುದು.

ದಿನಕ್ಕೆ 1,000 ಜನ ಹಾದುಹೋಗಿ, 250 ಜನ ನೋಡಿ, 100 ಜನ ನಿಂತು, 70 ಜನ ಕೊಂಡರು ಎನ್ನೋಣ. ಅಸಲಿಗೆ 10 ಲೋಟ ಕಮ್ಮಿ. ಬೆಲೆ ಇಳಿಸಬೇಕು ಎಂದು ಮೊದಲು ಅನಿಸುತ್ತದೆ. ಆದರೆ ನಿಂತ ನೂರರಲ್ಲಿ ಎಪ್ಪತ್ತು ಜನ ಆಗಲೇ ಕೊಳ್ಳುತ್ತಿದ್ದಾರೆ, ಬೆಲೆ ಅವರನ್ನು ಓಡಿಸುತ್ತಿಲ್ಲ. ನಷ್ಟವಾಗುತ್ತಿರುವುದು ಮೊದಲ ಹೆಜ್ಜೆಯಲ್ಲಿ: ನಾಲ್ವರಲ್ಲಿ ಮೂವರಿಗೆ ಅಂಗಡಿ ಕಣ್ಣಿಗೇ ಬಿದ್ದಿಲ್ಲ. ನೋಡುವವರು 350ಕ್ಕೆ ಏರಿ, ಉಳಿದ ಅನುಪಾತಗಳು ಹಾಗೆಯೇ ಇದ್ದರೆ ಮಾರಾಟ 98ಕ್ಕೆ ಹೋಗುತ್ತದೆ. ಬೆಲೆ ಮುಟ್ಟಬೇಕಾಗಿಲ್ಲ.

ಇದಕ್ಕೆ ತದ್ವಿರುದ್ಧ ಚಿತ್ರವೂ ಸಿಗಬಹುದು. ನೋಡುವವರು 500, ನಿಲ್ಲುವವರು 60 ಆದರೆ ಬೋರ್ಡು ಕೆಲಸ ಮಾಡುತ್ತಿದೆ, ಅಂಗಡಿ ಮಾಡುತ್ತಿಲ್ಲ. ಆಗ ಬೆಲೆ ಬರೆದಿದೆಯೇ, ಮೇಜು ಅಂಟಂಟಾಗಿದೆಯೇ, ನೊಣ ಕೂತಿದೆಯೇ, ನಿಲ್ಲಲು ನೆರಳಿದೆಯೇ ಎಂದು ನೋಡಬೇಕು. ಬೆಲೆ ಬರೆಯದಿರುವುದು ಬಹಳ ಜನರನ್ನು ದೂರ ಇಡುತ್ತದೆ. ಕೇಳಿ, ದುಬಾರಿಯೆನಿಸಿ, ಸುಮ್ಮನೆ ಹೊರಡುವ ಮುಜುಗರ ಯಾರಿಗೂ ಬೇಡ.

ಬೋರ್ಡಿನ ಅಳತೆ

ಬೋರ್ಡು ಮಾಡುವವರ ರೂಢಿಯ ಲೆಕ್ಕ: ಪ್ರತಿ ಮೂರು ಮೀಟರ್ ದೂರಕ್ಕೆ ಸುಮಾರು 2.5 ಸೆಂ.ಮೀ. ಎತ್ತರದ ಅಕ್ಷರ. ಸಾಧಾರಣ ನಡಿಗೆಯ ವೇಗ ಸೆಕೆಂಡಿಗೆ 1.4 ಮೀಟರ್. ಹದಿನೈದು ಮೀಟರ್ ಮೊದಲೇ ಓದಿಸಿದರೆ ಮನಸ್ಸು ಮಾಡಲು ಹತ್ತು ಸೆಕೆಂಡು ಸಿಗುತ್ತದೆ. ಅದಕ್ಕೆ ಅಕ್ಷರ 12 ಸೆಂ.ಮೀ.ಗಿಂತ ಕಮ್ಮಿ ಇರಬಾರದು. ಅಷ್ಟು ದೊಡ್ಡ ಅಕ್ಷರದಲ್ಲಿ ಹಿಡಿಸುವುದು ಎರಡು ಮೂರು ಪದ ಮಾತ್ರ: ಏನು ಸಿಗುತ್ತದೆ, ಎಷ್ಟಕ್ಕೆ. ಅಂಗಡಿಯ ಹೆಸರು ಚಿಕ್ಕದಾಗಿ ಕೆಳಗಿದ್ದರೂ ನಡೆಯುತ್ತದೆ. ಮಾಲೀಕರಿಗೆ ಇದು ಕಷ್ಟದ ಮಾತು.

ಬೋರ್ಡನ್ನು ಮೇಜಿನ ಮುಂಭಾಗಕ್ಕೆ ಅಂಟಿಸುವುದು ವಾಡಿಕೆ. ಆದರೆ ನಡೆದು ಬರುವವರು ಎದುರಿಗೆ ನೋಡುತ್ತಾರೆ, ಪಕ್ಕಕ್ಕಲ್ಲ. ಮೇಜಿನ ಬಳಿ ಇಬ್ಬರು ನಿಂತರೆ ಅದು ಮುಚ್ಚಿಯೇ ಹೋಗುತ್ತದೆ. ದಾರಿಗೆ ಅಡ್ಡವಾಗಿ, ಎರಡೂ ಕಡೆಯಿಂದ ಓದಲು ಬರುವಂತೆ, ತಲೆಯ ಮಟ್ಟಕ್ಕಿಂತ ಮೇಲೆ ಕಟ್ಟಬೇಕು. ನಡೆಯುವವರ ದಾರಿಯನ್ನು ಮಾತ್ರ ಕಟ್ಟಬಾರದು.

ಹೊಸ ಬೋರ್ಡಿನಿಂದ ಮಾರಾಟ ಏರಿತೋ, ಬಿಸಿಲಿನಿಂದಲೋ? ಎರಡು ದಿನ ಇಟ್ಟು, ಎರಡು ದಿನ ತೆಗೆದು, ಮತ್ತೆ ಇಟ್ಟು ನೋಡಿ. ಸೋಮವಾರವನ್ನು ಸೋಮವಾರದೊಂದಿಗೇ ಹೋಲಿಸಿ, ಆ ದಿನದ ಉಷ್ಣಾಂಶ ಬರೆದಿಡಿ. ಒಂದೇ ವಾರದಲ್ಲಿ ಬೋರ್ಡು, ಬೆಲೆ, ರುಚಿ ಮೂರನ್ನೂ ಬದಲಿಸಿದರೆ ಏನೂ ಕಲಿಯಲಾಗುವುದಿಲ್ಲ.

ಸಾಲು ಎಲ್ಲಿ ಕಟ್ಟುತ್ತದೆ

ಆರ್ಡರು ಕೇಳಿ ಹಣ ಪಡೆಯಲು 15 ಸೆಕೆಂಡು, ಸುರಿಯಲು 15, ಐಸ್ ಹಾಕಿ ಮುಚ್ಚಲು 10. ಒಬ್ಬರೇ ಇದ್ದರೆ ಲೋಟಕ್ಕೆ 40 ಸೆಕೆಂಡು, ಗಂಟೆಗೆ 90 ಲೋಟ. ಹಾಗಾದರೆ ಗಂಟೆಗೆ 85 ಜನ ಬಂದರೆ ತೊಂದರೆಯಿಲ್ಲ ಎಂದುಕೊಳ್ಳುವುದು ಸಹಜ. ಆದರೆ ಜನ ಗಡಿಯಾರ ನೋಡಿಕೊಂಡು ಬರುವುದಿಲ್ಲ. ಬರುವುದೂ ಸೇವೆಯ ಹೊತ್ತೂ ಏರುಪೇರಾಗುತ್ತವೆ ಎಂಬ ಸರಳ ಸರದಿ ಸೂತ್ರದಲ್ಲಿ, ಒಬ್ಬರು ಕಳೆಯುವ ಸರಾಸರಿ ಹೊತ್ತು ಎಂದರೆ ಒಂದನ್ನು (ಸೇವೆಯ ವೇಗ − ಬರುವ ವೇಗ)ದಿಂದ ಭಾಗಿಸಿದ್ದು. ಗಂಟೆಗೆ 60 ಜನರಾದರೆ 2 ನಿಮಿಷ, 80 ಆದರೆ 6, 85 ಆದರೆ 12. ಕೊನೆಯ ಐದು ಜನ ಹೆಚ್ಚಾದದ್ದಕ್ಕೆ ಕಾಯುವ ಹೊತ್ತು ಇಮ್ಮಡಿ! ಇಂಥ ಹೊತ್ತಿನಲ್ಲಿ ಕರಪತ್ರ ಹಂಚಿ ಇನ್ನೂ ಹತ್ತು ಜನರನ್ನು ಕರೆತಂದರೆ ಬೇಸತ್ತು ಹೋಗುವವರ ಸಂಖ್ಯೆ ಮಾತ್ರ ಏರುತ್ತದೆ, ಅವರು ಮತ್ತೆ ಬರುವುದೂ ಅನುಮಾನ.

ಇಬ್ಬರಾದರೆ ಒಬ್ಬರು ಹಣ, ಇನ್ನೊಬ್ಬರು ಸುರಿಯುವ ಕೆಲಸ. ನಿಧಾನದ ಕೈ 25 ಸೆಕೆಂಡಿನದು, ಆದ್ದರಿಂದ ಗಂಟೆಗೆ 144 ಲೋಟ. ದುಡ್ಡು ಮುಟ್ಟಿದ ಕೈ ಐಸ್ ಮುಟ್ಟುವುದೂ ತಪ್ಪುತ್ತದೆ. ಎರಡನೆಯವರನ್ನು ದಿನವಿಡೀ ಇಡಬೇಕಿಲ್ಲ, ರಶ್ ಇರುವ ಎರಡು ಗಂಟೆ ಸಾಕು. ಆಳಿಲ್ಲದಿದ್ದರೆ ಸೆಕೆಂಡು ಉಳಿಸುವ ಬೇರೆ ದಾರಿಗಳಿವೆ: ಬೆಲೆಯನ್ನು ಚಿಲ್ಲರೆ ಹುಡುಕದಂತೆ ದುಂಡಾಗಿ ಇಡುವುದು, ಪಟ್ಟಿಯಲ್ಲಿ ಮೂರು ನಾಲ್ಕು ಪಾನೀಯ ಮಾತ್ರ ಇಡುವುದು, ಕ್ಯೂಆರ್ ಕೋಡನ್ನು ಸಾಲಿನಲ್ಲಿ ನಿಂತವರಿಗೇ ಕಾಣುವಂತೆ ಕಟ್ಟುವುದು.

ಮತ್ತೆ ಬರುವವರು: ಐಸ್ ಮತ್ತು ರುಚಿ

ಅಂಗಡಿಯ ಸುತ್ತಮುತ್ತ ಓಡಾಡುವವರು ಹೆಚ್ಚುಕಮ್ಮಿ ಅದೇ ಜನ. ಹೊಸಬರು ಬೇಗ ಮುಗಿದುಹೋಗುತ್ತಾರೆ. ಅಂಗಡಿ ನಿಲ್ಲುವುದು ಮತ್ತೆ ಬರುವವರ ಮೇಲೆ. ಅವರು ತಪ್ಪಿಹೋಗಲು ದೊಡ್ಡ ಕಾರಣ ರುಚಿ ದಿನಕ್ಕೊಂದು ಥರ ಇರುವುದು, ಅದರ ಹಿಂದಿರುವುದು ಬಹುಪಾಲು ಐಸ್.

250 ಮಿ.ಲೀ. ಪಾನೀಯವನ್ನು 30 ಡಿಗ್ರಿ ಸೆಲ್ಸಿಯಸ್‌ನಿಂದ 5 ಡಿಗ್ರಿಗೆ ಇಳಿಸಲು ಸುಮಾರು 26 ಕಿಲೋಜೌಲ್ ಶಾಖ ತೆಗೆಯಬೇಕು. ಒಂದು ಗ್ರಾಂ ಐಸ್ ಕರಗುವಾಗ 334 ಜೌಲ್ ಹೀರುತ್ತದೆ, ಕರಗಿದ ನೀರು 5 ಡಿಗ್ರಿಗೆ ಏರುವಾಗ ಇನ್ನೊಂದಿಷ್ಟು. ಲೆಕ್ಕ ಹಾಕಿದರೆ ಸುಮಾರು 74 ಗ್ರಾಂ ಐಸ್ ಕರಗಿ ನೀರಾಗಬೇಕು. ಮೂಲ ಪಾನೀಯದ ಸುಮಾರು 30%ರಷ್ಟು ನೀರು ಬೆರೆತಂತಾಯಿತು. ಅದೇ ಪಾನೀಯವನ್ನು ಮೊದಲೇ 10 ಡಿಗ್ರಿಗೆ ತಣಿಸಿಟ್ಟಿದ್ದರೆ 15 ಗ್ರಾಂ ಕರಗಿದರೆ ಮುಗಿಯಿತು. ಬೆಳಗ್ಗೆ ತಣ್ಣಗಿದ್ದ ಪಾತ್ರೆ ಮಧ್ಯಾಹ್ನಕ್ಕೆ ಬಿಸಿಯಾಗಿ, ಅದೇ ಅಳತೆಯ ಪಾನೀಯವೇ ಸಪ್ಪೆಯಾಗುವುದು ಹೀಗೆ. ಪರಿಹಾರ: ಪಾನೀಯ ಮೊದಲೇ ತಣಿದಿರಲಿ, ದಿನವಿಡೀ ಪಾತ್ರೆಯ ಉಷ್ಣಾಂಶ ಒಂದೇ ಮಟ್ಟದಲ್ಲಿರಲಿ, ರುಚಿ ನೋಡುವಾಗ ಐಸ್ ಹಾಕಿ ಎರಡು ನಿಮಿಷ ಬಿಟ್ಟು ನೋಡಿ. ಪಾತ್ರೆಯಿಂದ ನೇರ ಚಮಚದಲ್ಲಿ ನೋಡಿದರೆ ಗಿರಾಕಿಗೆ ಸಿಗುವ ರುಚಿ ನಮಗೆ ಗೊತ್ತಾಗುವುದಿಲ್ಲ.

ಐಸ್ ಕೂಡ ಆಹಾರವೇ. ಕುಡಿಯುವ ನೀರಿನದ್ದೇ ಆಗಬೇಕು, ಹಿಡಿಯಿರುವ ಸೌಟಿನಿಂದ ತೆಗೆಯಬೇಕು, ಗಾಜಿನ ಲೋಟದಿಂದ ಮೊಗೆಯಬಾರದು (ಒಡೆದ ಚೂರು ಐಸಿನಲ್ಲಿ ಕಾಣುವುದೇ ಇಲ್ಲ). ಹಾಲು ಬೆರೆತದ್ದು, ಹೆಚ್ಚಿಟ್ಟ ಹಣ್ಣು 5 ಡಿಗ್ರಿಗಿಂತ ಕೆಳಗಿರಬೇಕು. ಹೊರಗೆ ಎರಡು ಗಂಟೆ ದಾಟಿಸಬಾರದು.

ರಿಯಾಯಿತಿ ಮತ್ತು ಕಾರ್ಡು

ಬೆಲೆಯನ್ನು 20% ಇಳಿಸಿ 16 ಮಾಡಿದರೆ ಉಳಿಕೆ 12ರಿಂದ 8ಕ್ಕೆ ಬೀಳುತ್ತದೆ. ಮೊದಲಿನಷ್ಟೇ ಹಣ ಉಳಿಯಲು 50% ಹೆಚ್ಚು ಲೋಟ ಮಾರಬೇಕು. 'ಒಂದು ಕೊಂಡರೆ ಒಂದು ಉಚಿತ' ಇನ್ನೂ ಭಾರ: 20 ಬರುತ್ತದೆ, 16 ಹೋಗುತ್ತದೆ, 4 ಉಳಿಯುತ್ತದೆ. ಮೂರು ಪಟ್ಟು ಗಿರಾಕಿಗಳು ಬಂದರೆ ಮಾತ್ರ ಸರಿಸಮ, ಅಷ್ಟು ಜನ ಬಂದರೆ ಸಾಲು ಒಡೆದುಹೋಗುತ್ತದೆ. ಇನ್ನೊಂದು ಕಡೆಯಿಂದ, ಬೆಲೆಯನ್ನು 22 ಮಾಡಿದರೆ ಉಳಿಕೆ 14. ಏಳರಲ್ಲಿ ಒಬ್ಬರು, ಅಂದರೆ 14% ಗಿರಾಕಿಗಳು ಬಿಟ್ಟುಹೋದರೂ ನಷ್ಟವಿಲ್ಲ. ಹೊಸಬರನ್ನು ಸೆಳೆಯಲು 30–40 ಮಿ.ಲೀ. ರುಚಿ ನೋಡಲು ಕೊಡುವುದು ಬೆಲೆ ಇಳಿಸುವುದಕ್ಕಿಂತ ಅಗ್ಗ. ಮೇಜಿನ ಮೇಲೆ ಇಟ್ಟರೆ ಯಾರೂ ಮುಟ್ಟುವುದಿಲ್ಲ, ಕೈಗೆ ಕೊಡಬೇಕು. ರಶ್ ಇಲ್ಲದ ಹೊತ್ತಿನಲ್ಲೇ ಕೊಡಬೇಕು.

ಮುದ್ರೆ ಒತ್ತುವ ಕಾರ್ಡಿನಲ್ಲಿ ಒಂಬತ್ತು ಕೊಂಡರೆ ಹತ್ತನೆಯದು ಉಚಿತ ಎನ್ನಿ. ಅದರ ಖರ್ಚು ಎಷ್ಟು? ಆ ಹತ್ತನೆಯ ಲೋಟವನ್ನು ಅವರು ಹೇಗೂ ಕೊಳ್ಳುತ್ತಿದ್ದರೆ 20 ಹೋಯಿತು. ಕಾರ್ಡಿನಿಂದಾಗಿಯೇ ಅದು ಹೆಚ್ಚುವರಿ ಲೋಟವಾಗಿದ್ದರೆ ಹೋದದ್ದು 8. ದಿನವೂ ತಪ್ಪದೆ ಬರುವವರಿಗೆ ಕಾರ್ಡು ಕೊಡುವುದು ದುಬಾರಿ, ಅಪರೂಪಕ್ಕೆ ಬರುವವರಿಗೆ ಕೊಡುವುದು ಅಗ್ಗ ಎಂದಾಯಿತು. ಹಳಬರನ್ನು ಬಿಟ್ಟು ಹಂಚಲಾಗದು ನಿಜ, ಆದರೆ ಲೆಕ್ಕ ಗೊತ್ತಿರಲಿ. ಕಾರ್ಡಿನ ರೂಪಕ್ಕೂ ಬೆಲೆಯಿದೆ: ಜೋಸೆಫ್ ನ್ಯೂನ್ಸ್ ಮತ್ತು ಷಾವಿಯರ್ ಡ್ರೇಜ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರು ತೊಳೆಯುವ ಕಡೆ ಎಂಟು ಖಾಲಿ ಮನೆಗಳ ಕಾರ್ಡು ಪಡೆದವರಲ್ಲಿ 19% ಜನ ಅದನ್ನು ತುಂಬಿಸಿದರು, ಹತ್ತು ಮನೆಯಿದ್ದು ಎರಡಕ್ಕೆ ಮೊದಲೇ ಮುದ್ರೆ ಬಿದ್ದಿದ್ದ ಕಾರ್ಡಿನವರಲ್ಲಿ 34%. ತುಂಬಿಸಬೇಕಾದದ್ದು ಇಬ್ಬರಿಗೂ ಎಂಟೇ.

ನಾಳೆಗೆ ಎಷ್ಟು ಮಾಡಬೇಕು

ಉಳಿದರೆ ಚೆಲ್ಲಬೇಕಾದ ಪಾನೀಯದ ನಷ್ಟ ಲೋಟಕ್ಕೆ 5 (ಐಸ್, ಲೋಟ, ಸ್ಟ್ರಾ ಖರ್ಚಾಗುವುದಿಲ್ಲ), ಮುಗಿದುಹೋಗಿ ಗಿರಾಕಿ ಹಿಂತಿರುಗಿದರೆ ನಷ್ಟ 12. 12ನ್ನು ಎರಡರ ಮೊತ್ತವಾದ 17ರಿಂದ ಭಾಗಿಸಿದರೆ ಸುಮಾರು 0.7. ಅಂದರೆ ಹತ್ತರಲ್ಲಿ ಏಳು ದಿನ ಸಾಲುವಷ್ಟು ಮಾಡಬೇಕು. ಇಪ್ಪತ್ತು ದಿನದ ಮಾರಾಟವನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಹದಿನಾಲ್ಕನೆಯದನ್ನು ಹಿಡಿಯಿರಿ. ಇಲ್ಲೊಂದು ಕಣ್ಣುಕಟ್ಟಿದೆ: ನಾಲ್ಕು ಗಂಟೆಗೇ ಖಾಲಿಯಾದ ದಿನದ ಅಂಕಿ ಮಾರಾಟವನ್ನು ಹೇಳುತ್ತದೆ, ಬೇಡಿಕೆಯನ್ನಲ್ಲ. ಖಾಲಿಯಾದ ಹೊತ್ತನ್ನು ಪಕ್ಕದಲ್ಲಿ ಬರೆಯದಿದ್ದರೆ ವರ್ಷಗಟ್ಟಲೆ ಕಮ್ಮಿಯೇ ಮಾಡುತ್ತಿರುತ್ತೇವೆ.

ಬೆಳೆಯುವ ದಾರಿಗಳು

1957ರಲ್ಲಿ ನಿರ್ವಹಣಾ ತಜ್ಞ ಇಗೊರ್ ಆನ್ಸಾಫ್ ತೋರಿಸಿದ ನಾಲ್ಕು ಮನೆಯ ಚೌಕ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ: ಇರುವ ಸರಕು ಅಥವಾ ಹೊಸದು, ಇರುವ ಗಿರಾಕಿ ಅಥವಾ ಹೊಸಬರು. ಇರುವ ಗಿರಾಕಿಗೆ ಇರುವ ಪಾನೀಯವನ್ನೇ ಇನ್ನೊಂದು ಸಲ ಮಾರುವುದು ಎಲ್ಲಕ್ಕಿಂತ ಅಗ್ಗ. ಅದಾದ ಮೇಲೆ, ಅದೇ ಸಾಮಾನಿನಿಂದ ಆಗುವ ಒಂದು ಹೊಸ ಪಾನೀಯ. ಹೊಸದಕ್ಕೆ ಬೇರೆ ಹಣ್ಣು, ಬೇರೆ ಯಂತ್ರ ಬೇಕೆಂದರೆ ಅನುಮಾನಿಸಿ.

ಸಮಾರಂಭಗಳ ಸಗಟು ಆರ್ಡರನ್ನು ಹಲವರು ಮರೆತೇಬಿಡುತ್ತಾರೆ. ಲೋಟಕ್ಕೆ 15ರಂತೆ 100 ಲೋಟ ಕೊಟ್ಟರೆ, ಉಳಿಕೆ 7ರಂತೆ 700. ಸಾಲಿಲ್ಲ, ಉಳಿದು ಕೆಡುವ ಭಯವಿಲ್ಲ. ಅರ್ಧ ಹಣ ಮುಂಗಡ ಪಡೆಯಬೇಕು, ತಲುಪಿಸುವ ಹೊತ್ತು ಅಂಗಡಿಯ ರಶ್ ಹೊತ್ತಿಗೆ ಅಡ್ಡ ಬರಬಾರದು.

ಎರಡನೆಯ ಅಂಗಡಿ ಕೊನೆಗಿರಲಿ. ತನ್ನ ಕೂಲಿ ಬರೆಯದೆ 30 ಲೋಟಕ್ಕೇ ಲಾಭ ಎಂದು ನಂಬಿದ್ದವರು ಅಲ್ಲಿ ಆಳಿಗೆ 600 ಕೊಡಬೇಕಾದಾಗ 80ರ ಮಿತಿಯನ್ನು ಮೊದಲ ಸಲ ಎದುರಿಸುತ್ತಾರೆ. ಹತ್ತಿರದಲ್ಲೇ ತೆರೆದರೆ ಹಳೆಯ ಅಂಗಡಿಯ ಗಿರಾಕಿಗಳೂ ಅತ್ತ ಸರಿಯುತ್ತಾರೆ: ಹೊಸದರಲ್ಲಿ 100 ಲೋಟ ಹೋಗಿ, ಅದರಲ್ಲಿ 20 ಹಳೆಯದರಿಂದ ಬಂದದ್ದಾದರೆ ನಿಜವಾಗಿ ಸೇರಿದ್ದು 80. ಗಲ್ಲಾಪೆಟ್ಟಿಗೆ ತುಂಬಿದಂತೆ ಕಂಡರೂ ಲಾಭ ಸೊನ್ನೆ. ಹಾಗಾಗಿ ಹೊಸ ಜಾಗದಲ್ಲಿ ಮೊದಲು ಅದೇ ಹದಿನೈದು ನಿಮಿಷಗಳ ಎಣಿಕೆ, ಆಮೇಲೆ ವಾರಕ್ಕೆರಡು ದಿನ ಮಡಚುವ ಮೇಜು ಹಾಕಿ ಒಂದು ತಿಂಗಳ ಪ್ರಯೋಗ. ಆ ಎರಡು ದಿನಗಳಲ್ಲಿ ಹಳೆಯ ಅಂಗಡಿಯ ಮಾರಾಟ ಎಷ್ಟು ಇಳಿಯಿತು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದುಕೊಂಡು, ಬಾಡಿಗೆಯ ಕರಾರಿಗೆ ಆಮೇಲೆ ಸಹಿ ಹಾಕಬಹುದು.